ದೂರ ಒಂದೇ, ಹೊತ್ತು ಬೇರೆ

(ಮಾನ್ವಿಯಲ್ಲಿ ಪದವಿ ವಿದ್ಯಾರ್ಥಿಗಳು ಹಾಗೂ ಪಾಲಕರು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



"ಅಮೆರಿಕ ಎಷ್ಟು ದೂರ ಐತ್ರಿ?" ಎಂದು ನಮ್ಮ ಕಡೆಯ ಹಿರಿಯರು ಕೇಳಿದರೆ ಅವರಿಗೆ ಬೇಕಾಗಿರುವುದು ಕಿಲೋಮೀಟರ್ ಅಲ್ಲ. "ಅಲ್ಲಿಂದ ಹೊಂಟ್ರ ಯಾವಾಗ ಮುಟ್ಟತಾರ?" ಎಂಬುದೇ ಆ ಪ್ರಶ್ನೆಯ ಒಳಗಿನ ಪ್ರಶ್ನೆ. ಇದು ಬರೀ ಕುತೂಹಲದ ಮಾತೂ ಅಲ್ಲ. ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ಮಗನೋ ಮಗಳೋ ದೂರದ ದೇಶದಲ್ಲಿದ್ದರೆ, ಅವರು ಬರುವ ತನಕ ಮಣ್ಣು ಮಾಡದೆ ಕಾಯಬೇಕೇ ಎಂಬ ತೀರ್ಮಾನವನ್ನು ಅಂಗಳದಲ್ಲಿ ಕುಳಿತ ನಾಲ್ಕು ಮಂದಿ ಆ ಕ್ಷಣವೇ ಮಾಡಬೇಕಾಗುತ್ತದೆ. ಆಗ ಯಾರೋ ಒಬ್ಬರು ಫೋನು ನೋಡಿ "ಹದಿನೇಳು ತಾಸಿನ ದಾರಿ ಅಂತ" ಎನ್ನುತ್ತಾರೆ. ಆ ಹದಿನೇಳು ತಾಸನ್ನು ನಂಬಿ ಲೆಕ್ಕ ಹಾಕಿದರೆ ತೀರ್ಮಾನ ತಪ್ಪುತ್ತದೆ.

ಆದ್ದರಿಂದ ಇವತ್ತು ಲೆಕ್ಕದ ಮಾತು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಅಳೆಯುವುದು ಹೇಗೆ, ಆ ದೂರ ತಾಸುಗಳಾಗಿ ಬದಲಾಗುವುದು ಹೇಗೆ, ನಡುವೆ ಏನೇನು ಅಡ್ಡ ಬರುತ್ತದೆ ಎಂಬುದನ್ನು ನೋಡೋಣ. ಉದಾಹರಣೆಗೆ ಬೆಂಗಳೂರು ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಗಳನ್ನು ತೆಗೆದುಕೊಳ್ಳುತ್ತೇನೆ.

ಹರದಾರಿಯಿಂದ ಡಿಗ್ರಿಯವರೆಗೆ

ದೂರವನ್ನು ಹೊತ್ತಿನಲ್ಲಿ ಹೇಳುವುದು ನಮಗೆ ಹೊಸದಲ್ಲ. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಸುಮಾರು ಮೂರು ಮೈಲಿಯಾದರೆ ಹರದಾರಿ. ನಾಲ್ಕು ಹರದಾರಿ ಸೇರಿದರೆ ಗಾವುದ. ಇವೆಲ್ಲ ನಡೆಯುವ ಕಾಲಿನ ಅಳತೆಗಳು. ಒಂದು ಊರು ಎಷ್ಟು ಹರದಾರಿ ಎಂದು ತಿಳಿದರೆ ಬುತ್ತಿ ಎಷ್ಟು ಕಟ್ಟಬೇಕು, ರಾತ್ರಿ ಎಲ್ಲಿ ತಂಗಬೇಕು ಎಂಬುದೂ ತಿಳಿಯುತ್ತಿತ್ತು.

ಈ ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು ಹದಿನೆಂಟನೆಯ ಶತಮಾನದಲ್ಲಿ ಕಾಶಿಯಾತ್ರೆ ಮಾಡಿದವರು. ಇಲ್ಲಿಂದ ಕಾಶಿಗೆ ನೇರ ಗೆರೆ ಎಳೆದರೂ 1,100 ಕಿ.ಮೀ.ಗಿಂತ ಹೆಚ್ಚು. ದಿನಕ್ಕೆ 20 ಕಿ.ಮೀ. ನಡೆದರೆ ಹೋಗುವುದಕ್ಕೇ ಎರಡು ತಿಂಗಳು. ಕಾಶಿಗೆ ಹೊರಟವರನ್ನು ಊರಿನವರು ಕಣ್ಣೀರು ಹಾಕಿ ಕಳಿಸುತ್ತಿದ್ದುದರ ಹಿಂದೆ ಈ ಲೆಕ್ಕ ಇತ್ತು. ಅವರು ಮರಳುವ ತನಕ ಊರಿನಲ್ಲಿ ಏನು ನಡೆದರೂ ಅವರಿಗೆ ತಿಳಿಯುತ್ತಿರಲಿಲ್ಲ.

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವೊ ದ ಫಿಗೆರೆದೊ ಎಂಬಾತನ ಜೊತೆ ಕೆಲವು ಪೋರ್ಚುಗೀಸ್ ಕೋವಿಕಾರರು ರಾಯನ ಪರ ನಿಂತಿದ್ದರು. ಆ ಕಾಲದಲ್ಲಿ ಲಿಸ್ಬನ್‌ನಿಂದ ಆಫ್ರಿಕಾವನ್ನು ಬಳಸಿ ಗೋವಾ ಸೇರಲು ಹಡಗಿಗೆ ಸುಮಾರು ಆರು ತಿಂಗಳು ಬೇಕಾಗುತ್ತಿತ್ತು. ಅದೂ ಗಾಳಿ ಅನುಕೂಲವಾಗಿದ್ದರೆ. ಗಾಳಿಯ ಮಾತನ್ನು ನೆನಪಿಡಿ, ಮುಂದೆ ಅದು ಮತ್ತೆ ಬರುತ್ತದೆ.

1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ವಾರಗಟ್ಟಲೆ ಹಿಡಿಯುತ್ತಿದ್ದ ಹಾದಿ ದಿನಗಳ ಲೆಕ್ಕಕ್ಕೆ ಇಳಿಯಿತು. ಮುಂಬೈ ಎಲ್ಲಿತ್ತೋ ಅಲ್ಲೇ ಇತ್ತು, ಮದ್ರಾಸೂ ಅಲುಗಲಿಲ್ಲ. ದೂರ ಒಂದೇ, ಹೊತ್ತು ಮಾತ್ರ ಬದಲಾಯಿತು.

ಇನ್ನು ಈ ದೂರವನ್ನು ಸರಿಯಾಗಿ ಅಳೆದವರು ಯಾರು? 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಮದ್ರಾಸಿನಲ್ಲಿ ಒಂದು ಭಾರಿ ಅಳತೆ ಆರಂಭಿಸಿದ. ಭೂಮಿಯ ಮೇಲೆ ಒಂದು ಡಿಗ್ರಿ ಅಕ್ಷಾಂಶ ಎಂದರೆ ಎಷ್ಟು ದೂರ ಎಂದು ಕಂಡುಹಿಡಿಯುವುದು ಅವನ ಉದ್ದೇಶಗಳಲ್ಲಿ ಒಂದು. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆಯುತ್ತಾ ಬಂದ ಆ ಸಾಲು ಬೆಂಗಳೂರು, ಗುತ್ತಿ ಹಾದು, ರಾಯಚೂರಿನ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಸಾಗಿ, 1815ರಲ್ಲಿ ಬೀದರ್ ಸಮೀಪದ ದಾಮರಗಿದ್ದ ತಲುಪಿತು. ಇಂಥ ಅಳತೆಗಳಿಂದ ಗೊತ್ತಾದದ್ದು ಇಷ್ಟು: ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ.

ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಇವತ್ತಿಗೂ ಹೀಗೆಯೇ ಲೆಕ್ಕ ಹಾಕುತ್ತಾರೆ. ಯಾರೂ ಹಗ್ಗ ಹಿಡಿದು ಅಳೆಯುವುದಿಲ್ಲ. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ತಿಳಿದರೆ ಭೂಮಿಯ ನಡುಬಿಂದುವಿನಲ್ಲಿ ಅವುಗಳ ನಡುವಿನ ಕೋನ ಸಿಗುತ್ತದೆ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಈ ಕೋನ ಸುಮಾರು 126 ಡಿಗ್ರಿ. ಅದನ್ನು 111ರಿಂದ ಗುಣಿಸಿ. ಹೆಚ್ಚುಕಡಿಮೆ 14,000 ಕಿ.ಮೀ.

ದಾರ ಹಿಡಿದು ನೋಡಿ

ಗೋಡೆಗೆ ತೂಗುಹಾಕಿದ ಭೂಪಟ ನೋಡಿದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲು ಚೀನಾ, ಜಪಾನ್ ದಾಟಿ ಪೆಸಿಫಿಕ್ ಸಾಗರದ ಮೇಲೆ ಪೂರ್ವಕ್ಕೆ ಹೋಗಬೇಕು ಅನ್ನಿಸುತ್ತದೆ. ನಿಮ್ಮ ಶಾಲೆಯ ಅಲಮಾರಿಯಲ್ಲಿರುವ ಗ್ಲೋಬನ್ನು ಕೆಳಗಿಳಿಸಿ, ಒಂದು ದಾರವನ್ನು ಎರಡೂ ಊರುಗಳ ಮೇಲೆ ಬಿಗಿಯಾಗಿ ಹಿಡಿಯಿರಿ. ದಾರ ಪೂರ್ವಕ್ಕೆ ಹೋಗುವುದೇ ಇಲ್ಲ. ಅದು ಬೆಂಗಳೂರಿನಿಂದ ಉತ್ತರಕ್ಕೆ ಏರಿ, ಚೀನಾ ಮತ್ತು ಸೈಬೀರಿಯಾ ಮೇಲೆ ಹಾದು, ಹಿಮಸಾಗರದ ಅಂಚಿನಲ್ಲಿ 70 ಡಿಗ್ರಿ ಅಕ್ಷಾಂಶವನ್ನೂ ಮೀರಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಇದು.

ಇಲ್ಲಿ ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ವಿಚಿತ್ರ ಇದೆ. ರಾಯಚೂರಿನಿಂದ ಇದೇ ಲೆಕ್ಕ ಹಾಕಿದರೆ ಕೋನ ಸುಮಾರು 123 ಡಿಗ್ರಿ, ದೂರ ಸುಮಾರು 13,700 ಕಿ.ಮೀ. ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಬೆಂಗಳೂರಿಗಿಂತ ರಾಯಚೂರಿಗೇ 300 ಕಿ.ಮೀ. ಹತ್ತಿರ! ಆದರೂ ನಮ್ಮ ಹುಡುಗ ಮೊದಲು ದಕ್ಷಿಣಕ್ಕೆ ಒಂದು ರಾತ್ರಿ ಪ್ರಯಾಣ ಮಾಡಿ ಬೆಂಗಳೂರು ಸೇರಬೇಕು. ಅಲ್ಲಿ ವಿಮಾನ ಹತ್ತಿದ ಮೇಲೆ ಅದು ಮತ್ತೆ ಉತ್ತರಕ್ಕೇ ತಿರುಗುತ್ತದೆ.

ಗಡಿಯಾರದ ಮೋಸ

2021ರ ಜನವರಿ 9ರಂದು ಏರ್ ಇಂಡಿಯಾ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಬಾರಿಗೆ ನಡುವೆ ಎಲ್ಲೂ ನಿಲ್ಲದ ವಿಮಾನ ಹೊರಡಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಆ ವಿಮಾನದ ಪೈಲಟ್‌ಗಳೆಲ್ಲ ಮಹಿಳೆಯರೇ ಆಗಿದ್ದರು. ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ ಬಂದ ಆ ವಿಮಾನ ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಈ ಸೇವೆ ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದದ್ದೂ ಉಂಟು.

ಆ ಮೊದಲ ವೇಳಾಪಟ್ಟಿಯನ್ನು ನೋಡೋಣ. ಸ್ಯಾನ್ ಫ್ರಾನ್ಸಿಸ್ಕೋ ಬಿಡುವುದು ಶನಿವಾರ ರಾತ್ರಿ 8.30. ಬೆಂಗಳೂರು ತಲುಪುವುದು ಸೋಮವಾರ ಬೆಳಗಿನ ಜಾವ 3.45. ಎಣಿಸಿದರೆ 31 ತಾಸು ಮೇಲಾಗುತ್ತದೆ. ಮರಳಿ ಹೋಗುವ ವಿಮಾನ ಬೆಂಗಳೂರು ಬಿಡುವುದು ಮಧ್ಯಾಹ್ನ 2.30. ಸ್ಯಾನ್ ಫ್ರಾನ್ಸಿಸ್ಕೋ ತಲುಪುವುದು ಅದೇ ದಿನ ಸಂಜೆ 5. ಅಂದರೆ ಎರಡೂವರೆ ತಾಸು! ಎರಡೂ ನಿಜವಲ್ಲ.

ಭೂಮಿ ಒಂದು ತಾಸಿಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಒಂದು ತಾಸಿನ ವ್ಯತ್ಯಾಸ. ನಮ್ಮ ದೇಶದ ಗಡಿಯಾರ 1906ರಿಂದ ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖೆಗೆ ಹೊಂದಿಕೊಂಡಿದೆ. ರಾಯಚೂರು ಇರುವುದು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ. ಅದಕ್ಕೇ ಗಡಿಯಾರದಲ್ಲಿ 12 ಹೊಡೆದು ಸರಾಸರಿ 20 ನಿಮಿಷವಾದ ಮೇಲೆ ನಮ್ಮ ನೆತ್ತಿಯ ಮೇಲೆ ಹೊತ್ತು ಬರುತ್ತದೆ. ಮಾನ್ವಿಗೂ ಮಿರ್ಜಾಪುರಕ್ಕೂ ಇಷ್ಟು ವ್ಯತ್ಯಾಸ ಇದ್ದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ್ದು ಎಷ್ಟಿರಬೇಕು? ಚಳಿಗಾಲದಲ್ಲಿ ಅದು ನಮಗಿಂತ ಹದಿಮೂರೂವರೆ ತಾಸು ಹಿಂದೆ. ಅವರು ಗಡಿಯಾರವನ್ನು ಮುಂದೆ ಮಾಡಿಕೊಳ್ಳುವ ಬೇಸಿಗೆಯಲ್ಲಿ ಹನ್ನೆರಡೂವರೆ ತಾಸು.

ಲೆಕ್ಕ ಹಾಕುವ ಸುಲಭ ದಾರಿ ಎಂದರೆ ಎರಡೂ ಹೊತ್ತನ್ನು ನಮ್ಮ ಊರಿನ ಗಡಿಯಾರಕ್ಕೇ ತರುವುದು. ಅಲ್ಲಿಯ ಶನಿವಾರ ರಾತ್ರಿ 8.30 ಎಂದರೆ ಚಳಿಗಾಲದಲ್ಲಿ ನಮಗೆ ಭಾನುವಾರ ಬೆಳಿಗ್ಗೆ 10. ಅಲ್ಲಿಂದ ಸೋಮವಾರ ನಸುಕಿನ 3.45ರ ವರೆಗೆ 17 ತಾಸು 45 ನಿಮಿಷ. ಹೋಗುವಾಗ ಇದೇ ರೀತಿ ಎಣಿಸಿದರೆ 16 ತಾಸು.

ಗಾಳಿ ಬಂದ ಕಡೆ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ದೂರ ಅಷ್ಟೇ ಇದ್ದರೂ ಹೋಗುವಾಗ 16 ತಾಸು, ಬರುವಾಗ ಹದಿನೇಳು ಮುಕ್ಕಾಲು ಏಕೆ?

ನೆಲದಿಂದ ಸುಮಾರು 10 ಕಿ.ಮೀ. ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಗಾಳಿ ಹರಿಯುತ್ತದೆ. ಅದರ ವೇಗ ತಾಸಿಗೆ 100, 200 ಕಿ.ಮೀ. ಇರುತ್ತದೆ. ಚಳಿಗಾಲದಲ್ಲಿ ಇನ್ನೂ ಜೋರು. 1920ರ ದಶಕದಲ್ಲಿ ವಾಸಾಬುರೊ ಓಯಿಶಿ ಎಂಬ ಜಪಾನಿ ಹವಾಮಾನ ತಜ್ಞ ಬಲೂನುಗಳನ್ನು ಹಾರಿಸಿ ಈ ಗಾಳಿಯನ್ನು ಗುರುತಿಸಿದ. ತನ್ನ ವರದಿಯನ್ನು ಆತ ಎಸ್ಪೆರಾಂಟೋ ಎಂಬ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಜಗತ್ತು ಅದನ್ನು ಬಹುಮಟ್ಟಿಗೆ ಗಮನಿಸಲಿಲ್ಲ.

ಕೃಷ್ಣೆಯಲ್ಲಿ ಹರಿಗೋಲು ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೆಳವಿನ ಜೊತೆ ಹೋಗುವುದು ಬೇರೆ, ಸೆಳವಿಗೆ ಎದುರಾಗಿ ಹೋಗುವುದು ಬೇರೆ. ವಿಮಾನ ತಾಸಿಗೆ 900 ಕಿ.ಮೀ. ಹಾರುತ್ತದೆ ಎನ್ನಿ. ದಾರಿಯುದ್ದಕ್ಕೂ 100 ಕಿ.ಮೀ. ಗಾಳಿ ಹಿಂದಿನಿಂದ ಬಂದರೆ 14,000 ಕಿ.ಮೀ.ಗೆ 14 ತಾಸು. ಅದೇ ಗಾಳಿ ಎದುರಿಗೆ ಬಂದರೆ ಹದಿನೇಳೂವರೆ ತಾಸು. ನಿಜವಾದ ಹಾರಾಟದಲ್ಲಿ ಗಾಳಿ ಇಡೀ ದಾರಿ ಒಂದೇ ಸಮ ಇರುವುದಿಲ್ಲ. ಆದರೆ ಹೋಗುವ ಮತ್ತು ಬರುವ ಹೊತ್ತಿನ ಅಂತರಕ್ಕೆ ಮುಖ್ಯ ಕಾರಣ ಇದೇ.

ಹಾಗಾಗಿ ಅತಿ ಹತ್ತಿರದ ದಾರಿ ಅತಿ ಬೇಗದ ದಾರಿ ಆಗಿರಲೇಬೇಕೆಂದಿಲ್ಲ. 2005ರ ನವೆಂಬರ್‌ನಲ್ಲಿ ಬೋಯಿಂಗ್ ಕಂಪನಿಯ 777-200 ಎಲ್‌ಆರ್ ವಿಮಾನ ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಪಶ್ಚಿಮಕ್ಕೆ ಹೋಗದೆ, ಬೇಕೆಂದೇ ಪೂರ್ವಕ್ಕೆ ಹೊರಟು ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ದಾಟಿ 21,602 ಕಿ.ಮೀ. ಹಾರಿತು. ತೆಗೆದುಕೊಂಡದ್ದು 22 ತಾಸು 42 ನಿಮಿಷ. ಇದೇ ಮಾದರಿಯ ವಿಮಾನ 2021ರಲ್ಲಿ ಬೆಂಗಳೂರಿಗೆ ಬಂದದ್ದು. ಅದರ ಟ್ಯಾಂಕುಗಳಲ್ಲಿ ಸುಮಾರು 1.8 ಲಕ್ಷ ಲೀಟರ್ ಇಂಧನ ಹಿಡಿಯುತ್ತದೆ. ನಮ್ಮ ರಸ್ತೆಯಲ್ಲಿ ಓಡಾಡುವ 12 ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳಾದರೆ ಹದಿನೈದು. ಇಷ್ಟು ಭಾರ ಹೊತ್ತು ಹಾರುವುದಕ್ಕೇ ಒಂದಷ್ಟು ಇಂಧನ ಖರ್ಚಾಗುತ್ತದೆ. ಎದುರು ಗಾಳಿ ಹೆಚ್ಚಾದ ದಿನ ಪ್ರಯಾಣಿಕರನ್ನೋ ಸರಕನ್ನೋ ಕಡಿಮೆ ಮಾಡಬೇಕಾಗುತ್ತದೆ, ಇಲ್ಲವೇ ನಡುವೆ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಗುತ್ತದೆ.

ಆಕಾಶದಲ್ಲೂ ಬೇಲಿ

ಗಾಳಿ ಪ್ರಕೃತಿಯದು. ಇನ್ನೊಂದು ಅಡ್ಡಿ ಮನುಷ್ಯರದು. ಹೊಲಕ್ಕೆ ಬದು ಇರುವ ಹಾಗೆ ಆಕಾಶಕ್ಕೂ ಬದು ಇದೆ. ಪ್ರತಿ ದೇಶದ ನೆಲದ ಮೇಲಿನ ಆಕಾಶ ಆ ದೇಶದ್ದು. ಅದು ಬೇಡ ಎಂದರೆ ಸುತ್ತಿ ಹೋಗಬೇಕು.

2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ವಾಯುಮಾರ್ಗ ಮುಚ್ಚಿದಾಗ ದೆಹಲಿಯಿಂದ ಯುರೋಪ್, ಅಮೆರಿಕಗಳಿಗೆ ಹೋಗುವ ವಿಮಾನಗಳು ಸುತ್ತುಬಳಸಿ ಹೋದವು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಆ ದಾರಿ ಮತ್ತೆ ಮುಚ್ಚಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳ ವಿಮಾನಗಳಿಗೆ ಮುಚ್ಚಿಹೋಯಿತು, ಏರ್ ಇಂಡಿಯಾಕ್ಕೆ ತೆರೆದಿತ್ತು. ಆ ದಾರಿಗೂ ಅದರದೇ ಕಷ್ಟ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬಲ್ಲಿ ಇಳಿಯಿತು. 216 ಪ್ರಯಾಣಿಕರು ಬೇರೆ ವಿಮಾನ ಬರುವ ತನಕ ಅಲ್ಲೇ ಉಳಿದರು. ಹದಿನಾರು ತಾಸಿನ ಪ್ರಯಾಣ ದಿನಗಳ ಪ್ರಯಾಣವಾಯಿತು.

ಟಿಕೆಟ್ಟಿನ ಮೇಲಿರುವ ಹೊತ್ತು ಒಂದು ಅಂದಾಜು. ಅದು ಗಾಳಿಯ ಮತ್ತು ದೇಶದೇಶಗಳ ಸಂಬಂಧದ ಮೇಲೆ ನಿಂತ ಅಂದಾಜು.

ನೆಲದ ಮೇಲಿನ ತಾಸುಗಳು

ಈಗ ನಮ್ಮ ಊರಿನ ಲೆಕ್ಕಕ್ಕೆ ಬರುತ್ತೇನೆ. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ 6ಕ್ಕೆ ದೇವದುರ್ಗದ ಮನೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಫೋನು ಹೋಯಿತು ಎಂದು ಭಾವಿಸಿ. ಅಲ್ಲಿ ಆಗ ಶನಿವಾರ ಸಂಜೆ 4.30. ಮಗ ಕೈಗೆ ಸಿಕ್ಕ ಬಟ್ಟೆ ತುರುಕಿಕೊಂಡು ಓಡಿ, ನಾನು ಹೇಳಿದ 8.30ರ ವಿಮಾನವನ್ನೇ ಹಿಡಿದ ಎನ್ನೋಣ. ಇದಕ್ಕಿಂತ ಬೇಗ ಹೊರಡಲು ಸಾಧ್ಯವೇ ಇಲ್ಲ. ಸೋಮವಾರ ನಸುಕಿನ 3.45ಕ್ಕೆ ಬೆಂಗಳೂರು. ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಎಲ್ಲ ಮುಗಿಸಿ ಹೊರಗೆ ಬರುವಾಗ 5. ಅಲ್ಲಿಂದ ದೇವದುರ್ಗಕ್ಕೆ ಸುಮಾರು 450 ಕಿ.ಮೀ. ಕಾರಿನಲ್ಲಿ ಒಂಬತ್ತು ತಾಸು. ಮನೆಯ ಮುಂದೆ ಇಳಿಯುವಾಗ ಸೋಮವಾರ ಮಧ್ಯಾಹ್ನ 2.

ಒಟ್ಟು 32 ತಾಸು. ಇದರಲ್ಲಿ ಆಕಾಶದಲ್ಲಿದ್ದದ್ದು ಹದಿನೇಳು ಮುಕ್ಕಾಲು. ಉಳಿದ ಹದಿನಾಲ್ಕು ಕಾಲು ತಾಸು ನೆಲದ ಮೇಲೆ. 14,000 ಕಿ.ಮೀ. ದಾಟಲು ಹಿಡಿದ ಹೊತ್ತಿನ ಅರ್ಧದಷ್ಟು ಹೊತ್ತು ಕೊನೆಯ 450 ಕಿ.ಮೀ.ಗೇ ಹೋಯಿತು.

ಇನ್ನೊಂದು ದಾರಿ ನೋಡಿ. ದುಬೈನಲ್ಲಿ ವಿಮಾನ ಬದಲಿಸಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೆ ಬಂದರೆ, ನಡುವೆ ಮೂರು ತಾಸು ಕಾಯುವುದೂ ಸೇರಿ ಸುಮಾರು 22 ತಾಸು. ನಾಲ್ಕು ತಾಸು ಹೆಚ್ಚು. ಆದರೆ ಶಂಷಾಬಾದಿನಿಂದ ರಾಯಚೂರು ಸುಮಾರು 200 ಕಿ.ಮೀ., ದೇವದುರ್ಗ ಇನ್ನೊಂದು 55. ಐದು ತಾಸಿನ ರಸ್ತೆ. ಆಕಾಶದಲ್ಲಿ ಕಳೆದ ನಾಲ್ಕು ತಾಸು ನೆಲದ ಮೇಲೆ ಮರಳಿ ಸಿಗುತ್ತದೆ. ಎರಡೂ ಹೆಚ್ಚುಕಡಿಮೆ ಸಮ. ಫೋನಿನಲ್ಲಿ ಕಾಣುವ "ಅತಿ ಬೇಗದ ವಿಮಾನ" ಬೆಂಗಳೂರಿನವರಿಗೆ ಅತಿ ಬೇಗದ್ದು, ನಮಗಲ್ಲ. 2019ರ ನವೆಂಬರ್‌ನಲ್ಲಿ ಕಲಬುರಗಿ, 2021ರ ಮಾರ್ಚ್‌ನಲ್ಲಿ ಕರ್ನೂಲು ಬಳಿಯ ಓರ್ವಕಲ್ಲು ನಿಲ್ದಾಣಗಳು ಆರಂಭವಾದವು. ಇಂಥ ಸಣ್ಣ ನಿಲ್ದಾಣಗಳ ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ವಿಚಾರಿಸದೆ ನೆಚ್ಚಬಾರದು. ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ ನಿಲ್ದಾಣ ಬೇಕೆಂಬ ಮಾತು ಬಹಳ ಹಳೆಯದು. ಅದು ಬರೀ ಪ್ರತಿಷ್ಠೆಯ ಮಾತಲ್ಲ ಎಂಬುದಕ್ಕೆ ಈ ಒಂಬತ್ತು ತಾಸೇ ಸಾಕ್ಷಿ.

ಹಾಗೆಂದು ವಿಮಾನದವರ ಕಷ್ಟವನ್ನಷ್ಟೇ ಹೇಳಿದರೆ ಅರ್ಧ ಮಾತಾಗುತ್ತದೆ. ನಮ್ಮ ದೇವದುರ್ಗ, ಮಾನ್ವಿ ತಾಲ್ಲೂಕುಗಳಿಂದ ಗುಳೆ ಹೋಗುವವರು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವರಿಗಿಂತ ಬಹಳ ಹೆಚ್ಚು. ಅದೇ ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ಇನ್ನೊಬ್ಬ ಮಗನಿಗೆ ಫೋನು ಬಂತು ಎನ್ನಿ. ಬಾಡಿಗೆ ಕಾರು ಅವನಿಗೆ ಆಗದ ಮಾತು. ಮೇಸ್ತ್ರಿಯ ಹತ್ತಿರ ದುಡ್ಡು ಇಸಿದುಕೊಂಡು, ಹೆಂಡತಿ ಮಕ್ಕಳನ್ನು ಕರೆದುಕೊಂಡು ರಾತ್ರಿ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ 6ರ ಮೇಲೆ ಊರು. ಅವನಿಗೆ 24 ತಾಸು, ಅಮೆರಿಕದವನಿಗೆ 32. ಒಬ್ಬನ ದೂರ 450 ಕಿ.ಮೀ., ಇನ್ನೊಬ್ಬನದು 14,000. ದೂರದಲ್ಲಿ ಮೂವತ್ತು ಪಟ್ಟು ಅಂತರ, ಹೊತ್ತಿನಲ್ಲಿ ಎಂಟೇ ತಾಸು. ಉಳಿದದ್ದನ್ನು ತುಂಬಿದ್ದು ದುಡ್ಡು.

ಆದ್ದರಿಂದ ಹೊರಗೆ ಓದಲು, ದುಡಿಯಲು ಹೋಗುವ ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಒಂದೇ. ಹೊರಡುವ ಮುನ್ನ ಮನೆಯವರ ಜೊತೆ ಕುಳಿತು ಈ ಲೆಕ್ಕ ಹಾಕಿ, ಒಂದು ಹಾಳೆಯ ಮೇಲೆ ಬರೆದು ಕೊಡಿ. ವಿಮಾನದ ತಾಸುಗಳನ್ನು ಬರೆಯಬೇಡಿ. "ಬೆಳಿಗ್ಗೆ ಸುದ್ದಿ ಮುಟ್ಟಿದರೆ ಮರುದಿನ ಮಧ್ಯಾಹ್ನಕ್ಕಿಂತ ಮೊದಲು ಬರಲಾರೆ, ವಿಮಾನ ತಪ್ಪಿದರೆ ಮೂರನೆಯ ದಿನ" ಎಂದು ಊರಿನ ಗಡಿಯಾರದಲ್ಲಿ ಬರೆಯಿರಿ. ಕಾಯಬೇಕೋ ಬೇಡವೋ ಎಂಬುದನ್ನೂ ಆಗಲೇ ಮಾತಾಡಿಕೊಳ್ಳಿ. ಪಾಲಕರೇ, ಕಾಯಲು ಆಗದಿದ್ದರೆ ಅದು ಮಗನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ದಾರಿಯೇ ಅಷ್ಟಿದೆ. ಅದು ಮೊದಲೇ ಗೊತ್ತಿದ್ದರೆ ಆ ದಿನ ಯಾರೂ ಯಾರನ್ನೂ ದೂರಬೇಕಾಗುವುದಿಲ್ಲ.